ಇನ್ನೊಬ್ಬಳ ಪುಸ್ತಕದಲ್ಲಿ ನನ್ನ ಅಕ್ಷರ

ನಿಮ್ಮಿಬ್ಬರಿಗೂ ನನ್ನ ಮೇಲಿರುವ ದೂರು ಒಂದೇ. ಹೋಂವರ್ಕ್ ಮಾಡುವಾಗ ಅಜ್ಜಿ ಪಕ್ಕದಲ್ಲಿ ಕೂತಿರುತ್ತಾಳೆ, ತಿನ್ನಲು ಏನಾದರೂ ಕೊಡುತ್ತಾಳೆ, ಬೆನ್ನು ಸವರುತ್ತಾಳೆ, ಆದರೆ ಪೆನ್ಸಿಲ್ ಮಾತ್ರ ಮುಟ್ಟುವುದಿಲ್ಲ. ಒಂದೇ ಒಂದು ಅಕ್ಷರ ಬರೆದುಕೊಡಿ ಅಂದರೂ ಕೊಡುವುದಿಲ್ಲ. ಮೊನ್ನೆ ಚಿಕ್ಕವಳು ಅಡುಗೆಮನೆಯಲ್ಲಿ ನಿಮ್ಮಮ್ಮನಿಗೆ ಗುಟ್ಟಾಗಿ ಹೇಳುತ್ತಿದ್ದದ್ದು ನನಗೂ ಕೇಳಿಸಿತು: "ಅಜ್ಜಿಗೆ ಬರೆಯೋಕೇ ಬರಲ್ಲ ಅನ್ಸತ್ತೆ ಅಮ್ಮಾ. ಪಾಪ."

ನಗು ಬಂತು. ಸ್ವಲ್ಪ ಹೊತ್ತಿನ ಮೇಲೆ ನಗು ನಿಂತುಹೋಯಿತು.

ಬರೆಯಲು ಬರುತ್ತದೆ ಮಕ್ಕಳೇ. ಬಂದದ್ದರಿಂದಲೇ ತೊಂದರೆಯಾಯಿತು. ಎದುರು ಕೂರಿಸಿಕೊಂಡು ಹೇಳಲು ನನಗೆ ಬಾಯಿ ಬರುವುದಿಲ್ಲ. ಮನೆಗೆ ನೆಂಟರು ಬಂದರೆ ಅಡುಗೆಮನೆ ಬಿಟ್ಟು ಹೊರಗೆ ಬಾರದವಳು ನಾನು, ನಿಮಗೇ ಗೊತ್ತು. ಅದಕ್ಕೇ ಬರೆದಿಡುತ್ತಿದ್ದೇನೆ. ದೊಡ್ಡವರಾದ ಮೇಲೆ ಓದಿ.

ನಾಲ್ಕು ವರ್ಷದ ಹಿಂದಿನ ಮಾತು. ದೊಡ್ಡವನು ಎಲ್‌ಕೆಜಿಗೆ ಹೋಗುತ್ತಿದ್ದ, ಚಿಕ್ಕವಳಿಗೆ ಇನ್ನೂ ಸರಿಯಾಗಿ ನಡೆಯಲು ಬರುತ್ತಿರಲಿಲ್ಲ. ನಿಮ್ಮ ತಾತ ಹೋಗಿ ಎರಡು ವರ್ಷವಾಗಿತ್ತು. ಚಾಮರಾಜಪೇಟೆಯ ಈ ಮನೆಯ ಕೆಳಭಾಗಕ್ಕೆ ಹೊಸ ಬಾಡಿಗೆಯವರು ಬಂದಿದ್ದರು, ತಾಯಿ ಮತ್ತು ಮಗಳು. ತಂದೆಗೆ ದೂರದ ಊರುಗಳಲ್ಲಿ ಕೆಲಸ. ಮಗಳು ಏಳನೇ ಕ್ಲಾಸಿನವರೆಗೂ ಹೊರಗಿನ ರಾಜ್ಯಗಳಲ್ಲೇ ಓದಿದ್ದಳು. ಕನ್ನಡ ಪಟಪಟನೆ ಮಾತಾಡುತ್ತಿದ್ದಳು, ಬರೆಯುವುದೆಂದರೆ ಆಗುತ್ತಿರಲಿಲ್ಲ.

ಒಂದು ದಿನ ನೀರಿನ ಟ್ಯಾಂಕು ತೊಳೆಸುವುದಿತ್ತು. "ನಾಳೆ ಬೆಳಿಗ್ಗೆ ನೀರು ಬರುವುದಿಲ್ಲ, ದಯವಿಟ್ಟು ಹಿಡಿದಿಟ್ಟುಕೊಳ್ಳಿ" ಎಂದು ಕಾಗದದಲ್ಲಿ ಬರೆದು ಮೆಟ್ಟಿಲ ಗೋಡೆಗೆ ಅಂಟಿಸಿದೆ. ಬಾಗಿಲು ತಟ್ಟಿ ಹೇಳುವುದಕ್ಕಿಂತ ನನಗೆ ಅದೇ ಸುಲಭ. ಸಂಜೆ ಆ ತಾಯಿ ಮಗಳನ್ನು ಕರೆದುಕೊಂಡು ಮೇಲೆ ಬಂದರು.

"ಆಂಟಿ, ಆ ಗೋಡೆ ಮೇಲಿರೋದು ಪ್ರಿಂಟ್ ಔಟ್ ಅಂದ್ಕೊಂಡಿದ್ದೆ. ನೀವು ಕೈಯಲ್ಲಿ ಬರೆದಿದ್ದಾ?"

ನಾನು ಹೂಂ ಎಂದೆ.

"ಇವಳಿಗೆ ಸ್ವಲ್ಪ ಕನ್ನಡ ಹೇಳ್ಕೊಡ್ತೀರಾ? ಒಂಬತ್ತನೇ ಕ್ಲಾಸು. ಕನ್ನಡದಲ್ಲಿ ಫೇಲಾದ್ರೆ ಹತ್ತಕ್ಕೆ ಹಾಕಲ್ಲ, ಅಲ್ಲೇ ಕೂರಿಸ್ತೀವಿ ಅಂದಿದಾರೆ. ಹಂಗೇನಾದ್ರೂ ಆದ್ರೆ ನಾನು ಹಾಸ್ಟೆಲ್‌ಗೆ ಹಾಕ್ಬಿಡ್ತೀನಿ ಆಂಟಿ. ಆಫೀಸಿಂದ ಬರೋದು ಏಳು ಗಂಟೆಗೆ, ಒಬ್ಬಳೇ ನಿಭಾಯ್ಸೋಕೆ ನನ್ನ ಕೈಲಿ ಆಗ್ತಿಲ್ಲ."

"ನಾನು ಓದಿರೋದೇ ಏಳನೇ ಕ್ಲಾಸಮ್ಮ. ಅದೂ ಹಳ್ಳೀಲಿ."

"ಇವಳಿಗೆ ಬೇಕಾಗಿರೋದು ಒಂದನೇ ಕ್ಲಾಸಿಂದ."

ಹಿಂದೆ ನಿಂತಿದ್ದ ಹುಡುಗಿ ನಮ್ಮ ಗೋಡೆಯ ಮೇಲಿನ ಹಲ್ಲಿಯನ್ನೇ ನೋಡುತ್ತಿದ್ದಳು. ಹಾಸ್ಟೆಲ್ ಎಂಬ ಮಾತು ಬಂದಾಗ ಮಾತ್ರ ಜಡೆಯ ತುದಿಯನ್ನು ಬಾಯಿಗೆ ಹಾಕಿಕೊಂಡಳು. ಎದುರುಮನೆಯ ಗೆಳತಿಯ ಜೊತೆ ಸಂಜೆ ರಸ್ತೆಯಲ್ಲಿ ಷಟಲ್ ಆಡುವುದೊಂದೇ ಅವಳ ಸುಖ. ಹಾಸ್ಟೆಲ್‌ಗೆ ಹೋದರೆ ಅದೂ ಇಲ್ಲ. ಅಷ್ಟು ಅವಳಿಗೂ ಗೊತ್ತಿತ್ತು.

ಮರುದಿನದಿಂದ ಸಂಜೆ ನಾಲ್ಕೂವರೆಗೆ ಬರತೊಡಗಿದಳು. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂರುವಳು. ಗದ್ದಕ್ಕೆ ಕೈ ಕೊಟ್ಟುಕೊಂಡು ರಸ್ತೆ ನೋಡುವಳು. ಹೇಳಿದ್ದಕ್ಕೆಲ್ಲ ಹೂಂಗುಟ್ಟುವಳು. ಪೆನ್ನು ಕೈಗೆ ಕೊಟ್ಟರೆ ಅದರ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಅರ್ಧ ಗಂಟೆ ಕಳೆಯುವಳು. ದಡ್ಡಿಯಲ್ಲ, ಪಾಠ ಒಂದು ಸಲ ಓದಿ ಹೇಳಿದರೆ ಕಥೆ ಪೂರ್ತಿ ತಿರುಗಿ ಹೇಳುತ್ತಿದ್ದಳು. ಮನಸ್ಸಿರಲಿಲ್ಲ, ಅಷ್ಟೇ.

"ಅಜ್ಜಿ, ನೀವು ನಿಜವಾಗ್ಲೂ ಏಳಕ್ಕೇ ಸ್ಕೂಲ್ ಬಿಟ್ರಾ?"

"ನಮ್ಮೂರಲ್ಲಿ ಎಂಟನೇ ಕ್ಲಾಸೇ ಇರ್ಲಿಲ್ಲ."

"ಎಂಥಾ ಒಳ್ಳೇ ಊರು ಅಜ್ಜಿ! ನಾನೂ ಅಲ್ಲೇ ಹುಟ್ಬೇಕಿತ್ತು."

"ಬರಿಯಮ್ಮ, ಐದು ಗಂಟೆ ಆಯ್ತು."

"ಬರೀತೀನಿ. ಮೂಡ್ ಬರ್ಲಿ."

"ಹಾಸ್ಟೆಲ್ ನೆನಪು ಮಾಡ್ಕೊ, ಬರತ್ತೆ."

"ಅಯ್ಯೋ, ಅದನ್ನ ನೆನೆಸ್ಕೊಂಡ್ರೆ ಇರೋ ಮೂಡೂ ಹೋಗತ್ತೆ."

ನಾನು ಗದರಲಿಲ್ಲ. ಒಂದು ದಿನವೂ ದನಿ ಎತ್ತಲಿಲ್ಲ. ನಿಮ್ಮಮ್ಮ ಕೆಲಸದಿಂದ ಬಂದವಳು ಬಾಗಿಲಲ್ಲಿ ನಿಂತು ನೋಡಿ, "ಅತ್ತೆ, ನಿಮ್ಮ ತಾಳ್ಮೆಗೆ ಕೈ ಮುಗೀಬೇಕು. ನಾನಾಗಿದ್ರೆ ಎರಡು ಬಾರಿಸಿರ್ತಿದ್ದೆ" ಅನ್ನುತ್ತಿದ್ದಳು. ಕೇಳಿ ನನಗೆ ಹೆಮ್ಮೆಯಾಗುತ್ತಿತ್ತು. ತಾಳ್ಮೆ ನನ್ನಲ್ಲಿರುವ ಒಂದೇ ಒಂದು ದೊಡ್ಡ ಗುಣ ಎಂದು ಆಗ ನಾನೂ ನಂಬಿದ್ದೆ.

ಆ ತಾಳ್ಮೆ ಏನು ಮಾಡುತ್ತಿತ್ತು ಎಂಬುದನ್ನು ಈಗ ಹೇಳುತ್ತೇನೆ. ಹಾಳೆ ಹತ್ತು ನಿಮಿಷ ಖಾಲಿಯಿದ್ದರೆ ನನಗೆ ತಡೆಯಲಾಗುತ್ತಿರಲಿಲ್ಲ. ಬೆರಳು ತಾನಾಗಿ ಪೆನ್ಸಿಲ್ ಹುಡುಕುತ್ತಿತ್ತು. "ನೋಡು, ನಾನು ತೆಳ್ಳಗೆ ಬರೆದುಕೊಡ್ತೀನಿ, ಅದರ ಮೇಲೆ ನೀನು ಪೆನ್ನಲ್ಲಿ ತಿದ್ದು. ಕೈ ತಿರುಗೋ ತನಕ ಅಷ್ಟೇ" ಅನ್ನುತ್ತಿದ್ದೆ. ಪ್ರಶ್ನೆಗೆ ಉತ್ತರವನ್ನು ನಾನೇ ಯೋಚಿಸಿ ಪೆನ್ಸಿಲಿನಲ್ಲಿ ಬರೆಯುವುದು, ಅವಳು ಅದರ ಮೇಲೆ ನೀಲಿ ಪೆನ್ನು ಓಡಿಸುವುದು, ಆಮೇಲೆ ನಾನು ರಬ್ಬರಿನಿಂದ ಪೆನ್ಸಿಲ್ ಗುರುತು ಅಳಿಸುವುದು. ಪುಟ ಅಚ್ಚು ಹಾಕಿದ ಹಾಗೆ ಕಾಣುತ್ತಿತ್ತು. ಅವಳಿಗೂ ಕಷ್ಟವಿಲ್ಲ, ಐದೂಕಾಲಿಗೆಲ್ಲ ಷಟಲ್ ಬ್ಯಾಟ್ ಹಿಡಿದು ಓಡುವಳು. ದಸರಾ ಹತ್ತಿರ ಬರುವ ಹೊತ್ತಿಗೆ ತಿದ್ದಲೂ ಅವಳಿಗೆ ಬೇಸರವಾಗಿತ್ತು. ಆಗ ನಾನೇ ಪೆನ್ನು ತೆಗೆದುಕೊಂಡೆ. ಇವತ್ತೊಂದು ದಿನ ಎಂದುಕೊಂಡೆ. ಮಾರನೆಯ ದಿನವೂ ಹಾಗೇ ಅಂದುಕೊಂಡೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಉತ್ತರಪತ್ರಿಕೆ ತೀರಾ ಕೆಟ್ಟದಾಗಿತ್ತು. ಆದರೆ ನೋಟ್ಸ್‌ಗೆ ಬೇರೆ ಅಂಕಗಳಿದ್ದವು. ಎರಡೂ ಸೇರಿ ಹೇಗೋ ಗಡಿ ದಾಟಿದಳು. ತಾಯಿ ಸಂಭ್ರಮದಿಂದ ಮೇಲೆ ಬಂದರು.

"ನೋಟ್ಸ್ ನೋಡಿ ಮಿಸ್ ಇಡೀ ಕ್ಲಾಸಿಗೆ ತೋರಿಸಿದ್ರಂತೆ ಆಂಟಿ! ಹಿಂಗಿರ್ಬೇಕು ಅಕ್ಷರ ಅಂದ್ರಂತೆ."

ಹುಡುಗಿ ತಾಯಿಯ ಬೆನ್ನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ನಗಲಿಲ್ಲ. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ.

ದೀಪಾವಳಿ ಕಳೆದು ಒಂದು ವಾರವಾಗಿತ್ತು. ಎಂದಿನ ಹಾಗೆ ಬಂದು ಕೂತಳು. ಹೊಸ ಪಾಠದ ಪ್ರಶ್ನೆ ಓದಿ ಹೇಳಿ, "ಯೋಚನೆ ಮಾಡು" ಅಂದೆ. ಅವಳು ಯೋಚಿಸಲಿಲ್ಲ. ನೋಟ್‌ಬುಕ್ಕನ್ನು ಖಾಲಿ ಪುಟಕ್ಕೆ ತೆರೆದು ಎರಡೂ ಕೈಯಿಂದ ಎತ್ತಿ ನನ್ನ ಮುಂದೆ ಹಿಡಿದಳು.

"ನೀವೇ ಬರೆದ್ಬಿಡಿ ಅಜ್ಜಿ. ಯಾವಾಗ್ಲೂ ಹಂಗೇ ಅಲ್ವಾ?"

ವ್ಯಂಗ್ಯ ಇರಲಿಲ್ಲ ಆ ಮಾತಿನಲ್ಲಿ. ಗ್ಯಾಸ್ ಆರಿಸಿಬಿಡಿ ಅನ್ನುವ ಹಾಗೆ ಹೇಳಿದಳು. ಪುಸ್ತಕಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಯಾಕೆಂದರೆ ಆ ಎರಡು ಕೈಗಳನ್ನು, ಹಾಗೆ ಎತ್ತಿ ಹಿಡಿಯುವುದನ್ನು, ನಾನು ಹಿಂದೆ ನೋಡಿದ್ದೆ.

ನಿಮ್ಮ ತಾತನಿಗೂ ಇದನ್ನು ನಾನು ಹೇಳಿರಲಿಲ್ಲ.

ತುಮಕೂರಿನ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳು ಕ್ಲಾಸಿಗೆ ಇಬ್ಬರೇ ಮೇಷ್ಟ್ರು. ಒಂದನೇ ಕ್ಲಾಸಿನ ಮಕ್ಕಳನ್ನು ನೋಡಿಕೊಳ್ಳಲು ಅವರಿಗೆ ಪುರುಸೊತ್ತು ಇರುತ್ತಿರಲಿಲ್ಲ. ಅದಕ್ಕೆ ದೊಡ್ಡ ಕ್ಲಾಸಿನವರಿಗೆ ಒಬ್ಬೊಬ್ಬ ಚಿಕ್ಕವರನ್ನು ಒಪ್ಪಿಸಿಬಿಡುತ್ತಿದ್ದರು. "ಇವಳಿಗೆ ತಿದ್ದಿಸು. ಇವಳ ಸ್ಲೇಟಿಗೆ ನೀನೇ ಜವಾಬ್ದಾರಿ." ತಿದ್ದಿಸುವುದೆಂದರೆ, ನಾವು ಸ್ಲೇಟಿನ ತುಂಬ ಒಂದು ದೊಡ್ಡ ಅಕ್ಷರ ಬರೆಯಬೇಕು, ಚಿಕ್ಕವರು ಅದರ ಮೇಲೆಯೇ ಮತ್ತೆ ಮತ್ತೆ ಬಳಪ ಓಡಿಸಬೇಕು, ಅಕ್ಷರ ಹಗ್ಗದಷ್ಟು ದಪ್ಪವಾಗುವ ತನಕ. ಸಂಜೆ ಮೇಷ್ಟ್ರು ಸಾಲಾಗಿ ಸ್ಲೇಟು ನೋಡುತ್ತಾ ಬರುವರು. ಸ್ಲೇಟು ಖಾಲಿಯಿದ್ದರೆ ಬೆತ್ತದ ಏಟು ಇಬ್ಬರಿಗೂ.

ನಾನು ಐದನೇ ಕ್ಲಾಸಿನಲ್ಲಿದ್ದೆ. ನನಗೆ ಒಪ್ಪಿಸಿದ್ದು ಕುರಿ ಕಾಯುವವರ ಮನೆಯ ಒಂದು ಹುಡುಗಿಯನ್ನು. ಆರೋ ಏಳೋ ವಯಸ್ಸು. ಅವಳು ತಿದ್ದುತ್ತಿರಲಿಲ್ಲ. ಹಟವಲ್ಲ, ಅಳುವೂ ಇಲ್ಲ. ಬಳಪವನ್ನು ಮುಷ್ಟಿಯಲ್ಲಿಟ್ಟುಕೊಂಡು ಬಾಗಿಲಾಚೆಯ ಬಯಲು ನೋಡುತ್ತಾ ಕೂರುವಳು. ಅವಳ ಕೈಯನ್ನು ನನ್ನ ಕೈಯೊಳಗೆ ಹಿಡಿದು ತಿದ್ದಿಸಿದೆ. ಕೈ ಬಿಟ್ಟರೆ ಬಳಪ ನಿಲ್ಲುತ್ತಿತ್ತು. ಏಟಿಗೆ ನನಗೆ ಭಯ. ಅದಕ್ಕೆ ಮೇಷ್ಟ್ರು ಬರುವ ಮುಂಚೆ ಅವಳ ಸ್ಲೇಟನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ನಾನೇ ತಿದ್ದಿಬಿಡುತ್ತಿದ್ದೆ. ಸ್ವಲ್ಪ ಸೊಟ್ಟಗೆ, ಚಿಕ್ಕ ಮಕ್ಕಳ ಕೈಯ ಹಾಗೆ. ಆ ಜಾಣತನವೂ ನನಗಿತ್ತು. ಮೇಷ್ಟ್ರು ಸ್ಲೇಟು ನೋಡಿ ಭೇಷ್ ಅನ್ನುವರು. ಅವಳಿಗಲ್ಲ, ನನಗೆ. ಹೀಗೆ ಒಂದು ವರ್ಷದ ಹತ್ತಿರ ನಡೆಯಿತು.

ಇನ್‌ಸ್ಪೆಕ್ಟರು ಬಂದ ದಿನ ಮೇಷ್ಟ್ರು ಒಳ್ಳೆಯ ಸ್ಲೇಟುಗಳನ್ನೆಲ್ಲ ಮುಂದೆ ಇಡಿಸಿದ್ದರು. ಅವಳದೂ ಇತ್ತು. ಇನ್‌ಸ್ಪೆಕ್ಟರು ಅದನ್ನು ಕೈಗೆತ್ತಿಕೊಂಡು ಮೆಚ್ಚಿ, ಅಂಗೈಯಿಂದ ಒರೆಸಿ ಅವಳ ಕೈಗೆ ಕೊಟ್ಟು, "ಈಗ ನಿನ್ನ ಹೆಸರು ಬರಿಯಮ್ಮ" ಎಂದರು. ಒಳ್ಳೆಯ ಮನುಷ್ಯ, ನಗುತ್ತಲೇ ಕೇಳಿದರು.

ಅವಳು ಖಾಲಿ ಸ್ಲೇಟನ್ನು ನೋಡಿದಳು. ಎದ್ದಳು. ಮಕ್ಕಳ ಸಾಲುಗಳ ನಡುವೆ ನಡೆದುಕೊಂಡು ನನ್ನ ಹತ್ತಿರ ಬಂದಳು. ಎರಡೂ ಕೈಯಿಂದ ಸ್ಲೇಟನ್ನು ಎತ್ತಿ ನನ್ನ ಮುಂದೆ ಹಿಡಿದಳು.

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಅವರಿಗೆ ಅದು ತಮಾಷೆ. ಮೇಷ್ಟ್ರು ನಗಲಿಲ್ಲ. ನಾನು ತಲೆ ತಗ್ಗಿಸಿ ಕೂತೆ. ಸ್ಲೇಟು ತೆಗೆದುಕೊಳ್ಳಲೂ ಇಲ್ಲ, ಬರೆಯುತ್ತಿದ್ದದ್ದು ನಾನು ಎಂದು ಹೇಳಲೂ ಇಲ್ಲ. ಅವಳು ಎಷ್ಟು ಹೊತ್ತು ಹಾಗೆ ಹಿಡಿದುಕೊಂಡು ನಿಂತಿದ್ದಳೋ ಗೊತ್ತಿಲ್ಲ. ಅವಳ ಪಾದಗಳು ಮಾತ್ರ ನನಗೆ ಕಾಣುತ್ತಿದ್ದವು, ಮಣ್ಣು ಮೆತ್ತಿದ್ದವು.

ಒಂದು ವಾರದ ಮೇಲೆ ಅವಳಪ್ಪ ಶಾಲೆಗೆ ಬಂದ. "ಇವಳ ತಲೆಗೆ ಹತ್ತಲ್ಲ ಕಣಪ್ಪ, ಕೂರಿಸಿ ಪ್ರಯೋಜನವಿಲ್ಲ" ಎಂದರು ಮೇಷ್ಟ್ರು. ಆಗಲೂ ನಾನು ಎರಡು ಮಾರು ದೂರದಲ್ಲಿದ್ದೆ. ಅವಳು ಅಪ್ಪನ ಹಿಂದೆ ಹೋದಳು. ಮತ್ತೆ ಬರಲಿಲ್ಲ.

ಮದುವೆಯಾಗಿ, ಮೊದಲ ಬಾಣಂತನಕ್ಕೆ ತವರಿಗೆ ಹೋದಾಗ ಅವಳನ್ನು ಒಮ್ಮೆ ಕಂಡೆ, ಸೊಸೈಟಿಯ ರೇಷನ್ ಅಂಗಡಿಯಲ್ಲಿ. ಸೊಂಟದಲ್ಲಿ ಒಂದು ಕೂಸು. ಗುಮಾಸ್ತ ಇವಳ ಹೆಬ್ಬೆರಳನ್ನು ಹಿಡಿದು ಶಾಯಿಗೆ ಒತ್ತಿ, ಪುಸ್ತಕಕ್ಕೆ ಒತ್ತಿದ. ತಲೆ ಎತ್ತಿದವಳು ನನ್ನನ್ನು ಕಂಡು ಬಾಯ್ತುಂಬ ನಕ್ಕಳು.

"ಅಕ್ಕಯ್ಯ, ನೀನೇ ಬರ್ದ್‌ಬುಡು ಬಾ ನನ್ನೆಸ್ರ, ಮೊದ್ಲಂಗೆ!"

ಸಿಟ್ಟಿರಲಿಲ್ಲ, ಸ್ನೇಹಕ್ಕೆ ಅಂದಳು. ಹೆಬ್ಬೆರಳನ್ನು ಗೋಡೆಗೆ ಒರೆಸಿಕೊಂಡಳು. ನಾನೂ ನಕ್ಕೆ, ಮಕ್ಕಳೇ. ಬೇರೇನು ಮಾಡಬೇಕೆಂದು ತೋಚದೆ ನಕ್ಕುಬಿಟ್ಟೆ. ಆ ನಗುವನ್ನು ನೆನೆಸಿಕೊಂಡರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಈಗ ಕೆಳಮನೆಯ ಹುಡುಗಿ ಪುಸ್ತಕ ಹಿಡಿದು ಕೂತಿದ್ದಳು. "ಏನಾಯ್ತಜ್ಜಿ? ಬಿಪಿ ಮಾತ್ರೆ ತಗೊಂಡಿಲ್ವಾ?"

"ಇವತ್ತಿಂದ ನಾನು ಬರೆಯಲ್ಲ" ಅಂದೆ. "ಪೆನ್ಸಿಲೂ ಮುಟ್ಟಲ್ಲ."

"ಹಂಗಂದ್ರೆ?"

"ನೀನು ಬರಿ. ಬರೀದಿದ್ರೆ ಸುಮ್ಮನೆ ಕೂತಿರು. ನಾನೂ ಕೂತಿರ್ತೀನಿ."

"ಇದ್ಯಾವ ಥರ ಟ್ಯೂಷನ್ ಅಜ್ಜಿ?" ಎಂದು ನಕ್ಕಳು. ಆದರೆ ಪುಸ್ತಕವನ್ನು ಮಡಿಲಿಗೆ ಇಳಿಸಿದಳು.

ಆಮೇಲಿನ ಸಂಜೆಗಳು ಹೇಗೆ ಕಳೆದವೆಂದು ನನಗೇ ಗೊತ್ತು. ಖಾಲಿ ಹಾಳೆ ನನ್ನ ಕಣ್ಣೆದುರು ಬಿಳಿಯಾಗಿ ಬಿದ್ದಿರುತ್ತಿತ್ತು. ಹುಡುಗಿ ಕಿಟಕಿಯಾಚೆ ನೋಡುವಳು. ನಾನು ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಕೂರುತ್ತಿದ್ದೆ. ಆಗೆಲ್ಲ ಊರಿನವಳು, ಆ ಸ್ಲೇಟಿನ ಹುಡುಗಿ, ಬರುತ್ತಿದ್ದಳು. ದೆವ್ವ ಭೂತ ಅಂತ ಹೆದರಬೇಡಿ, ಅಂಥದ್ದಲ್ಲ. ಆದರೆ ಆ ಕುರ್ಚಿಯಲ್ಲಿ ಕೂತವಳ ಕಾಲು ಕೆಲವು ಸಲ ನೆಲ ಮುಟ್ಟುತ್ತಿರಲಿಲ್ಲ. ನೆಲದ ಮೇಲೆ ಮಣ್ಣು ಉದುರಿದ ಹಾಗೆ ಕಂಡು, ಎದ್ದು ಪೊರಕೆ ತಂದಿದ್ದೇನೆ. ನೆಲ ಸ್ವಚ್ಛವಾಗಿಯೇ ಇರುತ್ತಿತ್ತು. ಒಂದು ಸಂಜೆ ಒಳಗಿನಿಂದ ಕೋಡುಬಳೆ ತಂದಿಟ್ಟೆ. ಹುಡುಗಿ ನೋಡಿ, "ಎರಡು ಪ್ಲೇಟ್ ಯಾಕೆ ಅಜ್ಜಿ? ಯಾರು ಬರ್ತಾರೆ?" ಅಂದಳು. ನೋಡಿದರೆ ನಿಜ, ಎರಡು ತಟ್ಟೆ ತಂದಿದ್ದೆ. "ಎರಡೂ ನೀನೇ ತಿನ್ನು" ಅಂದೆ. ತಿಂದಳು.

ಅಲ್ಲಿ ಕೂತು ನನಗೆ ತಿಳಿದದ್ದು ಇಷ್ಟು. ತಾಳ್ಮೆ ಎಂದು ನಾನು ಕರೆದುಕೊಂಡದ್ದು ತಾಳ್ಮೆಯೇ ಆಗಿರಲಿಲ್ಲ. ದನಿ ಎತ್ತದೆ ಇರುವುದು ನನಗೆ ಸುಲಭ, ಹುಟ್ಟಿನಿಂದಲೇ ನನಗೆ ದನಿಯಿಲ್ಲ. ಕಾಯುವುದು ಮಾತ್ರ ನನ್ನಿಂದ ಆಗಿರಲಿಲ್ಲ. ಹತ್ತು ನಿಮಿಷ ಕಾಯಲಾರದೆ, ಏಟಿನ ಭಯಕ್ಕೋ ಭೇಷ್ ಅನ್ನಿಸಿಕೊಳ್ಳುವ ಆಸೆಗೋ, ಇಬ್ಬರು ಮಕ್ಕಳ ಕೈಯಿಂದ ನಾನು ಬಳಪ ಕಸಿದುಕೊಂಡಿದ್ದೆ. ಅವರಿಗೆ ಆಸಕ್ತಿಯಿಲ್ಲ ಎಂದು ಎಲ್ಲರೂ ಹೇಳಿದರು. ಇರಲಿಲ್ಲ, ನಿಜ. ಆದರೆ ಅದು ಬರುವ ಮುಂಚೆಯೇ ಅವರ ಹಾಳೆ ತುಂಬಿಸಿಟ್ಟವಳು ನಾನಲ್ಲವೆ?

ಎರಡು ವಾರ ಕಳೆದ ಮೇಲೆ ಒಂದು ಸಂಜೆ ಅವಳು ಏನೋ ಬರೆದಳು. ಎಡಗೈಯನ್ನು ಗೋಡೆಯ ಹಾಗೆ ಅಡ್ಡವಿಟ್ಟುಕೊಂಡು ನಾಲ್ಕೈದು ಸಾಲು ಬರೆದಳು. ನಾನು ಕತ್ತು ಚಾಚಿದೆನೋ ಇಲ್ಲವೋ, ಹಾಳೆಯನ್ನು ಪರ್ರೆಂದು ಹರಿದು ಜೇಬಿಗೆ ಹಾಕಿಕೊಂಡಳು.

"ತೋರಿಸಮ್ಮ, ತಪ್ಪಿದ್ರೆ ಹೇಳ್ತೀನಿ."

"ಅದಕ್ಕೇ ತೋರ್ಸಲ್ಲ."

ಆಮೇಲೆ ವಾರಕ್ಕೆ ಎರಡು ಮೂರು ಸಲ ಹಾಗೇ ಆಯಿತು. ಬರೆಯುವಳು, ಮುಚ್ಚಿಕೊಳ್ಳುವಳು, ಹರಿಯುವಳು. ನಾನು ಬಲವಂತ ಮಾಡಲಿಲ್ಲ. ನೋಟ್‌ಬುಕ್ ದಿನದಿಂದ ದಿನಕ್ಕೆ ತೆಳ್ಳಗಾಯಿತು, ನಾನು ಬರೆದದ್ದರ ಮುಂದಿನ ಪುಟಗಳೆಲ್ಲ ಖಾಲಿ.

ಸಂಕ್ರಾಂತಿ ಆದ ಮೇಲೆ ತಾಯಿ ಆ ಪುಸ್ತಕ ಕಂಡು, ಅದನ್ನು ಹಿಡಿದುಕೊಂಡು ಮೇಲೆ ಬಂದರು. "ಆಂಟಿ, ಎರಡು ತಿಂಗಳಿಂದ ಒಂದಕ್ಷರ ಇಲ್ಲ! ದಿನಾ ಮೇಲೆ ಬಂದು ಏನ್ ಮಾಡ್ತಾಳೆ ಇವಳು?" ಹುಡುಗಿ ಬಾಗಿಲಿಗೊರಗಿ ನಿಂತಿದ್ದಳು. ನಾನು ಬಾಯಿ ತೆರೆದೆ. ಮೊದಲಿನ ಪುಟಗಳು ನನ್ನವು ಎಂದು ಹೇಳಬೇಕಿತ್ತು. "ಬರೀತಾಳೆ, ಬರೀತಾಳೆ, ಸ್ವಲ್ಪ ಸಮಯ ಕೊಡಿ" ಎಂದಷ್ಟೇ ಹೊರಬಂತು. ತಾಯಿ ಮಗಳಿಗೆ ನನ್ನೆದುರೇ ಬೈದರು. ಅವಳು ನನ್ನ ಹೆಸರು ಎತ್ತಲಿಲ್ಲ. ಐದನೇ ಕ್ಲಾಸಿನಲ್ಲಿ ತಲೆ ತಗ್ಗಿಸಿದ ಹಾಗೆಯೇ ಇನ್ನೊಮ್ಮೆ ತಲೆ ತಗ್ಗಿಸಿದೆ.

ಫೆಬ್ರವರಿಯಲ್ಲಿ ಶಾಲೆಯಿಂದ ಕರೆ ಬಂತು. ವಾರ್ಷಿಕ ಪರೀಕ್ಷೆಗೆ ಮುಂಚೆ ಕನ್ನಡದ ಮಿಸ್ ಎಲ್ಲರ ನೋಟ್ಸ್ ಮತ್ತೆ ನೋಡಿದ್ದರು. ಅರ್ಧ ಪುಸ್ತಕ ಅಚ್ಚಿನ ಹಾಗೆ, ಇನ್ನರ್ಧ ಖಾಲಿ, ಪರೀಕ್ಷೆಯಲ್ಲಿ ಬರೆದದ್ದು ಬೇರೆಯೇ ಅಕ್ಷರ. ಯಾರೋ ಬರೆದುಕೊಟ್ಟದ್ದೆಂದು ಖಚಿತವಾದರೆ ನೋಟ್ಸ್‌ನ ಅಂಕ ಸೊನ್ನೆ. ಆ ಅಂಕವಿಲ್ಲದೆ ಅವಳು ಪಾಸಾಗುವ ಹಾಗಿರಲಿಲ್ಲ. ಒಂಬತ್ತರಲ್ಲೇ ಉಳಿಯುವುದು, ಆಮೇಲೆ ಹಾಸ್ಟೆಲ್.

ನಾನು ತಾರಸಿಯಿಂದ ಒಣಗಿದ ಬಟ್ಟೆ ತೆಗೆದುಕೊಂಡು ಮೆಟ್ಟಿಲಿಳಿಯುತ್ತಿದ್ದೆ. ಕೆಳಮನೆಯ ಬಾಗಿಲು ಅರೆ ತೆರೆದಿತ್ತು.

"ಯಾರು ಬರೆದಿದ್ದು ಹೇಳು!"

"ನಾನೇ."

"ಸುಳ್ಳು ಬೊಗಳ್ಬೇಡ. ನಿನ್ನ ಕೋಳಿಕಾಲು ಅಕ್ಷರ ನಂಗೊತ್ತಿಲ್ವಾ?"

"ನಾನೇ ಅಂದ್ನಲ್ಲಮ್ಮ. ಆಗ ಚೆನ್ನಾಗಿ ಬರೀತಿದ್ದೆ, ಈಗ ಮರೆತೋಯ್ತು."

ಬಟ್ಟೆಯ ರಾಶಿ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಹದಿನಾಲ್ಕು ವರ್ಷದ ಮಗು ನನ್ನನ್ನು ಕಾಪಾಡುತ್ತಿತ್ತು. ಊರಿನವಳಾದರೂ ಸ್ಲೇಟು ನನ್ನ ಕೈಗೆ ಕೊಡಲು ಬಂದಿದ್ದಳು. ಇವಳು ಅದನ್ನೂ ಮಾಡದೆ ತಾನೇ ಹೊತ್ತುಕೊಂಡಿದ್ದಳು. ಎದ್ದು ಹೋಗಿ ಬಾಗಿಲು ತಟ್ಟಿದೆ.

"ನಾಳೆ ಶಾಲೆಗೆ ನಾನೂ ಬರ್ತೀನಮ್ಮ."

"ನಿಮಗ್ಯಾಕೆ ತೊಂದ್ರೆ ಆಂಟಿ?"

"ಬರ್ತೀನಿ" ಅಂದೆ. ಅದಕ್ಕಿಂತ ಹೆಚ್ಚು ಅವತ್ತು ಹೇಳಲಾಗಲಿಲ್ಲ.

ಬೆಳಿಗ್ಗೆ ಮೂವರೂ ಆಟೋದಲ್ಲಿ ಹೊರಟೆವು. ಗಾಂಧಿ ಬಜಾರ್‌ನಲ್ಲಿ ಹೂವಿನವರು ಬುಟ್ಟಿ ಇಳಿಸುತ್ತಿದ್ದರು, ಆಟೋ ನಿಂತು ನಿಂತು ಸಾಗಿತು. ಹೇಳಬೇಕಾದ ಒಂದೇ ವಾಕ್ಯವನ್ನು ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಹುಡುಗಿ ನನ್ನ ಕಿವಿಯ ಹತ್ತಿರ ಬಗ್ಗಿ, "ಅಜ್ಜಿ, ನೀವು ಸುಮ್ನಿರಿ, ನಾನು ನೋಡ್ಕೋತೀನಿ" ಅಂದಳು. ಅದನ್ನು ಕೇಳಿದ ಮೇಲೆ ಸುಮ್ಮನಿರುವುದು ಸಾಧ್ಯವೇ ಇರಲಿಲ್ಲ.

ಮಿಸ್ ಚಿಕ್ಕ ವಯಸ್ಸಿನವರು. ಸ್ಟಾಫ್ ರೂಮಿನ ಮೇಜಿನ ಮೇಲೆ ಆ ನೋಟ್‌ಬುಕ್ ತೆರೆದಿಟ್ಟಿದ್ದರು. ಅಲ್ಲಿ, ಹೊಗಳಿಕೆಯ ಕೆಂಪು ಗುರುತಿನ ಕೆಳಗೆ, ನನ್ನ ಅಕ್ಷರ.

"ಅಮ್ಮ, ನೀವು ಇವಳ ಅಜ್ಜಿನಾ?"

"ಅಲ್ಲ. ಮೇಲಿನ ಮನೆಯವಳು." ಪುಟದ ಮೇಲೆ ಬೆರಳಿಟ್ಟೆ. "ಅದನ್ನ ಬರೆದಿದ್ದು ನಾನು."

ತಾಯಿ ನನ್ನ ಕಡೆ ತಿರುಗಿದ್ದು ಗೊತ್ತಾಯಿತು. ನಾನು ನೋಡಲಿಲ್ಲ.

"ಪೂರ್ತಿನಾ?"

"ಮೊದಲು ಪೆನ್ಸಿಲ್‌ನಲ್ಲಿ ಬರೆದುಕೊಡ್ತಿದ್ದೆ, ಮೇಲೆ ಅವಳು ತಿದ್ದೋಳು. ಆಮೇಲೆ ನಾನೇ ಬರೆದೆ. ಅವಳು ಬರೆಯೋ ತನಕ ಕಾಯೋಕೆ ನನ್ನ ಕೈಲಿ ಆಗ್ಲಿಲ್ಲ. ತಪ್ಪು ನನ್ನದು, ಅವಳದಲ್ಲ."

ಇಷ್ಟು ಮಾತು ಅಪರಿಚಿತರ ಮುಂದೆ ನಾನು ಜೀವನದಲ್ಲಿ ಆಡಿರಲಿಲ್ಲ. ಆಡಿದ ಮೇಲೆ ಹಗುರವಾಗಬಹುದೆಂದುಕೊಂಡಿದ್ದೆ. ಆಗಲಿಲ್ಲ. ಈ ಮಾತು ಮೊದಲು ಸಲ್ಲಬೇಕಾಗಿದ್ದದ್ದು ಬೇರೊಬ್ಬಳಿಗೆ, ಸ್ಲೇಟು ಹಿಡಿದು ನಿಂತವಳಿಗೆ.

ಮಿಸ್ ನೋಟ್‌ಬುಕ್ ಮುಚ್ಚಿದರು. "ಈ ನೋಟ್ಸ್‌ಗೆ ನಾನು ಮಾರ್ಕ್ಸ್ ಕೊಡೋಕಾಗಲ್ಲಮ್ಮ. ಆದ್ರೆ ಇವಳಿಗೆ ಸ್ವಂತಕ್ಕೆ ಏನು ಬರತ್ತೆ ಅಂತ ನಂಗೆ ಗೊತ್ತಾಗ್ಬೇಕು." ಒಂದು ಬಿಳಿ ಹಾಳೆ ತೆಗೆದು ಹುಡುಗಿಯ ಮುಂದಿಟ್ಟರು. "ಒಂದು ಪುಟ ಬರಿ. ಏನ್ ಬೇಕಾದ್ರೂ ಬರಿ, ತಪ್ಪಿದ್ರೂ ಪರವಾಗಿಲ್ಲ. ಇಲ್ಲೇ, ನನ್ನೆದುರಿಗೆ. ಬರೆದ್ರೆ ನೋಟ್ಸ್ ಬದಲು ಇದಕ್ಕೇ ಮಾರ್ಕ್ಸ್ ಕೊಡ್ತೀನಿ. ಬರೀದಿದ್ರೆ ನಾನೇನೂ ಮಾಡೋಕಾಗಲ್ಲ."

ಹುಡುಗಿ ಪೆನ್ನಿನ ಮುಚ್ಚಳ ತೆಗೆದಳು. ಹಾಕಿದಳು. ತೆಗೆದಳು.

ಗೋಡೆ ಗಡಿಯಾರದಲ್ಲಿ ಐದು ನಿಮಿಷ ಹೋಯಿತು, ಹತ್ತು ಹೋಯಿತು. ತಾಯಿ ನಿಟ್ಟುಸಿರು ಬಿಟ್ಟರು. ಹಾಳೆ ಹಾಗೇ ಇತ್ತು. ಸೆರಗಿನ ಅಡಿಯಲ್ಲಿ ನನ್ನ ಬಲಗೈ ತೊಡೆಯ ಮೇಲೆ ಓಡಾಡುತ್ತಿರುವುದು ನನಗೇ ಆಮೇಲೆ ತಿಳಿಯಿತು. ಅವಳು ಬರೆಯಬೇಕಾದ ಮೊದಲ ವಾಕ್ಯವನ್ನು ನನ್ನ ಬೆರಳು ಬರೆಯುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದುಕೊಂಡೆ.

ಅವಳು ತಲೆ ಎತ್ತಿ ನನ್ನ ಸೆರಗಿನ ಕಡೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಅಜ್ಜಿ, ನೀವು ಆಚೆ ಹೋಗಿ."

"ಏಯ್! ದೊಡ್ಡವರ ಹತ್ರ ಹಂಗಾ ಮಾತಾಡೋದು?" ಎಂದರು ತಾಯಿ.

"ಪ್ಲೀಸ್ ಅಜ್ಜಿ."

ಎದ್ದೆ. ಕುರ್ಚಿಯಿಂದ ಬಾಗಿಲು ನಾಲ್ಕು ಹೆಜ್ಜೆಯೂ ಇರಲಿಲ್ಲ, ಆದರೂ ದೂರ ಅನಿಸಿತು. ಹೊರಗೆ ಬಂದು ಬಾಗಿಲು ಮುಚ್ಚಿಕೊಂಡೆ.

ಉದ್ದನೆಯ ಕಾರಿಡಾರ್. ಮೂಲೆಯ ತರಗತಿಯಲ್ಲಿ ಚಿಕ್ಕ ಮಕ್ಕಳು ಏನನ್ನೋ ಒಟ್ಟಿಗೆ ಹೇಳುತ್ತಿದ್ದರು. ಬೆಂಚಿತ್ತು, ಕೂರಲಿಲ್ಲ. ಕೂತರೆ ಪಕ್ಕದಲ್ಲಿ ಊರಿನವಳೂ ಬಂದು ಕೂರುತ್ತಾಳೆ ಅನಿಸಿತು. ಗೋಡೆಗೆ ಒರಗಿ ನಿಂತೆ. ಒಳಗೆ ಏನಾಗುತ್ತಿದೆ ಎಂದು ತಿಳಿಯುವ ದಾರಿ ಇರಲಿಲ್ಲ. ಕಾಯುವುದು ಎಂದರೆ ಏನೆಂದು ಅವತ್ತು ನನಗೆ ಗೊತ್ತಾಯಿತು. ಒಮ್ಮೆ ಬೆಲ್ಲು ಹೊಡೆಯಿತು, ಮಕ್ಕಳೆಲ್ಲ ನನ್ನ ಸುತ್ತ ಹರಿದುಹೋದರು, ಮತ್ತೆ ಖಾಲಿಯಾಯಿತು.

ಎಷ್ಟೋ ಹೊತ್ತಿನ ಮೇಲೆ ತಾಯಿ ಹೊರಗೆ ಬಂದರು. ನನ್ನ ಮೇಲೆ ಅವರಿಗೆ ಕೋಪವಿತ್ತು, ಇರಬೇಕಾದದ್ದೇ.

"ಬರೆದ್ಲು. ಒಂದೂವರೆ ಪುಟ."

"ಏನು ಬರೆದ್ಲಮ್ಮ?"

"ನಂಗೂ ತೋರಿಸ್ಲಿಲ್ಲ. ಮಿಸ್ ಓದಿ ಮಡಚಿ ಡ್ರಾಯರ್‌ನಲ್ಲಿ ಇಟ್ಕೊಂಡ್ರು." ಸ್ವಲ್ಪ ತಡೆದು, "ಅಜ್ಜಿಗಂತೂ ತೋರಿಸ್ಲೇಬೇಡಿ ಮಿಸ್ ಅಂದ್ಳು" ಎಂದರು.

ಮಿಸ್ ಬಾಗಿಲಿಗೆ ಬಂದು ನನ್ನನ್ನು ನೋಡಿದರು. ಆ ನೋಟದಲ್ಲಿ ಏನಿತ್ತೆಂದು ಎಷ್ಟೋ ಸಲ ಯೋಚಿಸಿದ್ದೇನೆ. ಕರುಣೆಯೋ, ಬೇಸರವೋ. "ತಪ್ಪುಗಳಿವೆ ಅಮ್ಮ, ಆದ್ರೆ ಅವಳದೇ" ಎಂದಷ್ಟೇ ಹೇಳಿದರು.

ಹತ್ತನೇ ಕ್ಲಾಸಿಗೆ ಹಾಕಿದರು. ಕನ್ನಡದಲ್ಲಿ ಬಂದದ್ದು ಮೂವತ್ತೇಳು. ಹಾಸ್ಟೆಲ್ ಮಾತು ಅಲ್ಲಿಗೆ ನಿಂತಿತು. ಅವಳು ಮತ್ತೆ ಪಾಠಕ್ಕೆ ಮೇಲೆ ಬರಲಿಲ್ಲ. ತಾಯಿ ಬೇರೆ ಕಡೆ ಟ್ಯೂಷನ್‌ಗೆ ಸೇರಿಸಿದರು, ನಾನೂ ಏನೂ ಕೇಳಲಿಲ್ಲ.

ಕಳೆದ ವರ್ಷ ನನ್ನ ತಮ್ಮ ಊರಿನಿಂದ ಫೋನ್ ಮಾಡಿದಾಗ, ಕುರಿಮಂದೆಯವರ ಆ ಹುಡುಗಿ ಎಲ್ಲಿದ್ದಾಳೆ ಎಂದು ವಿಚಾರಿಸಿದೆ. "ಯಾರು? ಅವಳಾ? ಅವಳು ಹೋಗಿ ಎಷ್ಟೋ ವರ್ಷ ಆಯ್ತಲ್ಲಕ್ಕ" ಅಂದ. ನನಗೆ ಯಾರೂ ಹೇಳಿರಲಿಲ್ಲ. ಹೇಳಲು ಅವಳು ನನಗೆ ಏನಾಗಬೇಕು? ಆದರೂ ನೀವು ನಾಲ್ಕೂವರೆಗೆ ಶಾಲೆಯಿಂದ ಬಂದು ಪುಸ್ತಕ ಹರಡಿಕೊಂಡಾಗ, ನನಗೂ ನಿಮಗೂ ನಡುವೆ ಇನ್ನೊಬ್ಬಳಿಗೆ ಆಗುವಷ್ಟು ಜಾಗ ಬಿಟ್ಟು ಕೂರುತ್ತೇನೆ. "ಹತ್ರ ಬನ್ನಿ ಅಜ್ಜಿ" ಅನ್ನುತ್ತೀರಿ.

ಕೆಳಮನೆಯ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. ಮೆಟ್ಟಿಲಲ್ಲಿ ಸಿಕ್ಕರೆ "ಚೆನ್ನಾಗಿದೀರಾ ಅಜ್ಜಿ?" ಎಂದು ನಿಂತು ಕೇಳುತ್ತಾಳೆ, ಕೈಯಲ್ಲಿ ತರಕಾರಿ ಚೀಲವಿದ್ದರೆ ಕಸಿದುಕೊಂಡು ಮೇಲೆ ತಂದಿಡುತ್ತಾಳೆ. ಒಮ್ಮೆ ಮಾತ್ರ ತಡೆಯಲಾರದೆ ಕೇಳಿಬಿಟ್ಟೆ: "ಅವತ್ತು ಮಿಸ್ ಹತ್ರ ಏನು ಬರೆದೆ?"

"ನೆನಪಿಲ್ಲ ಅಜ್ಜಿ" ಎಂದು ನಕ್ಕಳು.

ನೆನಪಿದೆ ಎಂದು ನನಗೆ ಗೊತ್ತಿತ್ತು. ಆ ಒಂದೂವರೆ ಪುಟದಲ್ಲಿ ನಾನು ಇರಬಹುದು, ಇಲ್ಲದೆಯೂ ಇರಬಹುದು. ಅವಳನ್ನು ಕಂಡಾಗಲೆಲ್ಲ ಆ ಪ್ರಶ್ನೆ ನಾಲಿಗೆಯ ತುದಿಗೆ ಬರುತ್ತದೆ. ಅವಳು ಮೆಟ್ಟಿಲಿಳಿದು, ಗೇಟು ಹಾಕಿಕೊಂಡು, ರಸ್ತೆಯ ತಿರುವು ದಾಟುವ ತನಕ ತುಟಿ ಬಿಗಿಹಿಡಿದು ನಿಂತಿರುತ್ತೇನೆ.